ಸುಂಕಪ್ಪ ತಿನ್ನದ ಟಾಕೋ

"ಕಾವ್! ಕಾವ್! ಬಾರಪ್ಪೋ!"

ಮಾಳಿಗೆಯ ಮೇಲೆ ನಿಂತು ಹುಲುಗೇಶ ಗಂಟಲು ಹರಿಯುವಂತೆ ಕೂಗುತ್ತಿದ್ದ. ಎದುರು ಗೋಡೆಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಒಂದೂ ಕೂಗುತ್ತಿರಲಿಲ್ಲ, ರೆಕ್ಕೆ ಬಿಚ್ಚುತ್ತಿರಲಿಲ್ಲ. ಸಾವಿನ ಮನೆಗೆ ಬಂದು ಮಾತು ಸಿಗದೆ ಕೂತ ಬೀಗರ ಹಾಗೆ ಸುಮ್ಮನೆ ನೋಡುತ್ತಿದ್ದವು.

ಬಾಳೆಲೆಯ ಮೇಲೆ, ತೀರಿಹೋದ ಅಪ್ಪ ಸುಂಕಪ್ಪನಿಗೆ ಇಷ್ಟವಾದ ಮಂಡಾಳು ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ಬಜ್ಜಿ. ಬಳ್ಳಾರಿಯ ಬ್ರೂಸ್‌ಪೇಟೆಯ ಈ ಮನೆಯ ಕೆಳಗಿನ ಅಂಗಡಿಯಲ್ಲಿ ಅವನು ಜೀವಮಾನವಿಡೀ ಮಾಡಿ ಮಾರಿದ್ದೂ ಅದನ್ನೇ. ಕಾಗೆ ಮುಟ್ಟುತ್ತಿಲ್ಲವೆಂದರೆ ಸತ್ತವನಿಗೆ ಏನೋ ಕೊರತೆ.

"ಆಸಿ ಉಳದೈತಿ," ಎಂದ ಪಕ್ಕದ ಮನೆಯ ಎರ್ರೆಪ್ಪ. ಕರೆಯದೆ ಬಂದು ಎಲ್ಲರಿಗಿಂತ ಮುಂದೆ ನಿಂತಿದ್ದ. "ಏನಂತ ನನಗ ಗೊತ್ತೈತಿ. ನಿನ್ನ ತಗೋ ಅಂಗಡಿ."

"ತಗೋ ಅಲ್ಲ ಮಾವ, ಟಾಕೋ."

"ಯಾರೂ ತಗೊಳ್ಳಂಗಿಲ್ಲಲ್ಲ, ಏನಂದ್ರೇನು?"

ಅಪ್ಪ ಹಾಸಿಗೆ ಹಿಡಿದ ಮೇಲೆ ಹುಲುಗೇಶ ಅಂಗಡಿಗೆ 'ಟೆಕ್ಸ್-ಮೆಕ್ಸ್ ಬಾರ್ಬೆಕ್ಯೂ' ಎಂದು ಬೋರ್ಡು ಹಾಕಿಸಿದ್ದ. ಅಮೆರಿಕದ ಟೆಕ್ಸಾಸಿನವರು ಮಾಂಸವನ್ನು ಹೊಗೆಯಲ್ಲಿ ಬೇಯಿಸಲು ಉರಿಸುವ ಕಟ್ಟಿಗೆ ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟಿದ್ದು ಎಂದು ಫೋನಿನಲ್ಲಿ ನೋಡಿದಾಗಿನಿಂದ ಅವನಿಗೆ ನಿದ್ದೆಯಿರಲಿಲ್ಲ. ಜಾಲಿ ಹೊಗೆಯಲ್ಲಿ ಬೆಂದ ಕುರಿ ಮಾಂಸ, ಹಸಿ ಉಳ್ಳಾಗಡ್ಡಿ, ಮೇಲೆ ಗುರೆಳ್ಳು ಪುಡಿ ಹಾಕಿ ಜೋಳದ ರೊಟ್ಟಿಯಲ್ಲಿ ಮಡಚಿ ಟಾಕೋ ಮಾಡಿ, ಮೊದಲನೆಯದನ್ನು ಅಪ್ಪನ ಬಾಯಿಗೇ ಹಿಡಿದಿದ್ದ. ಸುಂಕಪ್ಪ ಮೂಸಿ ಮುಖ ತಿರುಗಿಸಿದ್ದ.

"ಸುಡುಗಾಡಿನ ಹೊಗಿ ವಾಸನಿ. ಸತ್ರೂ ತಿನ್ನಂಗಿಲ್ಲ."

"ಅಂಗಡಿ ಮುಚ್ಚತೀನಿ ಅನ್ನಲೇ," ಈಗ ತಾಯಿ ಸಾವಂತ್ರಮ್ಮ ಹುಲುಗೇಶನ ರಟ್ಟೆ ಜಗ್ಗಿದಳು. "ನಿಮ್ಮಪ್ಪ ಹಸದು ಕುಂತಾನ."

ಆ ಅಂಗಡಿ ಬಿಟ್ಟರೆ ಹುಲುಗೇಶನಿಗೆ ಬೇರೆ ಕನಸಿರಲಿಲ್ಲ. ಕಣ್ಣು ಮುಚ್ಚಿ ಹೇಳಿಯೇಬಿಟ್ಟ. "ಆತು ಯಪ್ಪಾ. ಬೋರ್ಡು ತಗೀತೀನಿ. ಮಿರ್ಚಿ ಬಾಣಲಿ ಇಡ್ತೀನಿ. ಬಾ."

ಗಾಳಿ ನಿಂತಿತು. ಓಣಿಯ ಗದ್ದಲ, ಯಾರೋ ಬಾಗಿಲು ಹಾಕಿದಂತೆ, ಕಡಿದುಹೋಯಿತು. ಕಾಗೆಗಳು ಅಲುಗಲಿಲ್ಲ.

ಹುಲುಗೇಶನಿಗೆ ಸಿಟ್ಟು ನೆತ್ತಿಗೇರಿತು. ದಡದಡ ಇಳಿದುಹೋಗಿ ಒಂದು ಟಾಕೋ ತಂದು ಎಲೆಯ ಮೇಲೆ ಬಡಿದ. "ಹಂಗಾರ ಇದನ್ನ ತಿನ್ನು!"

ಒಂದು ಮುದಿ ಕಾಗೆ ಇಳಿದು ಬಂತು. ಸುಂಕಪ್ಪನ ಎಡಗಣ್ಣಿಗೆ ಪೊರೆ ಬಂದಿತ್ತು. ಕಾಗೆಯೂ ಕತ್ತು ಹೊರಳಿಸಿ ಬಲಗಣ್ಣಿನಿಂದಲೇ ನೋಡಿತು. ರೊಟ್ಟಿಯೊಳಗಿನ ಉಳ್ಳಾಗಡ್ಡಿ ಚೂರುಗಳನ್ನು ಹೆಕ್ಕಿ ಎಲೆಯ ಅಂಚಿಗೆ ಇಡತೊಡಗಿತು.

ಸಾವಂತ್ರಮ್ಮ ಕುಸಿದು ಕೂತಳು. "ನಿಮ್ಮಪ್ಪನೂ ಹಿಂಗ ತಗದಿಡ್ತಿದ್ದ..."

ಕಾಗೆ ಮಾಂಸವನ್ನೆಲ್ಲ ತಿಂದು, ಮೀಸೆ ಒರೆಸಿಕೊಳ್ಳುವವರ ಹಾಗೆ ಕೊಕ್ಕನ್ನು ಎರಡೂ ಕಡೆ ತೀಡಿ ಹಾರಿಹೋಯಿತು. ಮಿರ್ಚಿ ಹಾಗೇ ಉಳಿದಿತ್ತು.

"ಸತ್ರೂ ತಿನ್ನಂಗಿಲ್ಲ ಅಂದಿದ್ದ," ಎಂದಳು ಸಾವಂತ್ರಮ್ಮ ಮೆಲ್ಲಗೆ. "ಸತ್ತು ತಿಂದ."

ಹುಲುಗೇಶ ಒಳಗೊಳಗೇ ಕುಣಿದ. ಅಂಗಡಿ ಉಳಿಯಿತು! ಎರ್ರೆಪ್ಪ ಮೆಟ್ಟಿಲಿಳಿಯುವುದರೊಳಗೆ ಸುದ್ದಿ ಕುರುಗೋಡು ಮುಟ್ಟಿತ್ತು. ಮಧ್ಯಾಹ್ನಕ್ಕೆ ಸಿರುಗುಪ್ಪದಿಂದ ತಿಪ್ಪೇಸ್ವಾಮಿ ಎನ್ನುವವನ ಫೋನು.

"ನಾಳಿ ನಮ್ಮ ದೊಡ್ಡಪ್ಪನ ಎಡಿ ಐತ್ರಿ. ಪ್ರತಿ ವರ್ಷ ಕಾಗಿ ಮುಟ್ಟವಲ್ದು. ಒಂದು ಟಾಕೋ ಬೇಕ್ರಿ."

"ಮನಿ ಮಂದಿಗೆ ಎಷ್ಟು ಕಳಸ್ಲಿ?"

"ಮನಿ ಮಂದಿ ಯಾಕ ತಿಂತಾರ್ರಿ? ಎಲ್ಲಾರೂ ಗಟ್ಟಿ ಅದಾರ."

ಸಂಜೆ ಗಿರಾಕಿಗಳು ಬಂದರು. ಒಬ್ಬೊಬ್ಬರೂ ಒಂದೊಂದೇ ಕೊಂಡು, ಬೆರಳಿಗಂಟಿದ ಹೊಗೆ ವಾಸನೆ ತೊಳೆದುಕೊಂಡು, ಹಿಂದಿರುಗಿ ನೋಡದೆ ನಡೆದರು. ತಿನ್ನಲು ಹಾಕಿದ್ದ ಕುರ್ಚಿಗಳ ಬೆನ್ನ ಮೇಲೆ ಕಾಗೆಗಳು ಬಂದು ಕೂತವು, ಆರ್ಡರ್ ಹೇಳಿ ಕಾಯುವವರಂತೆ.

ಎರ್ರೆಪ್ಪ ಓಣಿಯ ಆಚೆ ಬದಿಯಿಂದ ಹೋಗುತ್ತಿದ್ದ. ಹುಲುಗೇಶ ತಟ್ಟೆ ಹಿಡಿದು ಅಡ್ಡ ಹೋದ. "ಮಾವ, ಬಿಸಿ ಐತಿ. ರೊಕ್ಕ ಬ್ಯಾಡ. ಒಂದ ತುತ್ತು ತಗೋರಿ. ಯಾರರ ತಿಂದದ್ದು ಮಂದಿ ನೋಡ್ಲಿ."

ಎರ್ರೆಪ್ಪ ತಟ್ಟೆ ನೋಡಿದ. ಕುರ್ಚಿಗಳ ಕಡೆ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ. ನಾ ಇನ್ನೂ ಅದೀನಿ."