ಫ್ಲೆಕ್ಸ್ ಮೇಲಿನ ಸಂಬಳ

ಬೈಯಲೆಂದು ಹೋದ ಕಡೆಯಲ್ಲೇ ನಗು ಬರುವಂಥದ್ದು ಏನಾದರೂ ನಡೆದುಬಿಡುತ್ತದೆ, ನಾನೇನು ಮಾಡಲಿ? ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಕಾನೂನನ್ನು ನಾನೇ ಓದಿಕೊಂಡೆ, ಜಗಳವನ್ನೂ ನಾನೇ ಕಲಿತೆ. ಮಕ್ಕಳ ಫೀಸು ತಿಂದು ಕೊಬ್ಬುವ ಕಾಲೇಜುಗಳನ್ನು ಕಂಡರೆ ಮೈ ಉರಿಯುತ್ತದೆ. ಆದರೂ ಸುಬ್ರಹ್ಮಣ್ಯಪುರದ ನಮ್ಮ ಪಕ್ಕದ ಮನೆಯ ಹುಡುಗಿಯ ಮಾರ್ಕ್ಸ್ ಕಾರ್ಡಿಗಾಗಿ ನಡೆದದ್ದನ್ನು ನಗದೆ ಹೇಳಲಾರೆ.

ಮಿಕ್ಕ ದುಡ್ಡು

ಹುಡುಗಿ ಬ್ಯಾಂಕಿನಲ್ಲಿ ಸಾಲ ಮಾಡಿ ಇಂಜಿನಿಯರಿಂಗ್ ಮುಗಿಸಿದಳು. ಸಂಬಳ ತಿಂಗಳಿಗೆ ಇಪ್ಪತ್ತೆರಡು ಸಾವಿರ. ಅರ್ಧ ಸಾಲದ ಕಂತಿಗೇ ಹೋಗುತ್ತದೆ. ಕಾಲೇಜಿನವರು ಮಾತ್ರ ಗೇಟಿನ ಮೇಲೆ ಅವಳ ಫೋಟೋ ಹಾಕಿ, ‘ವರ್ಷಕ್ಕೆ ಹನ್ನೆರಡು ಲಕ್ಷ’ ಎಂದು ಆಳೆತ್ತರದ ಫ್ಲೆಕ್ಸ್ ಕಟ್ಟಿದರು. ಕುಮಾರಸ್ವಾಮಿ ಲೇಔಟಿನಲ್ಲಿ ಇಡ್ಲಿ ಗಾಡಿ ನಡೆಸುವ ಅವಳ ತಾಯಿ ಅದನ್ನು ನೋಡಿ ಬಂದು, ಮಗಳನ್ನು ಎದುರಿಗೆ ಕೂರಿಸಿಕೊಂಡರು.

“ನಿಜ ಹೇಳೇ, ಮಿಕ್ಕ ದುಡ್ಡು ಯಾರಿಗೆ ಕೊಡ್ತಿದ್ದೀಯಾ?”

ಬಾಡಿಗೆ

ಫ್ಲೆಕ್ಸನ್ನು ಅವರ ಮನೆ ಓನರ್ ಕೂಡ ನೋಡಿದರು. ಹಿಂದೆ ಆ ಮನೆಯ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಮಹಡಿ ಬೆಳೆಯುತ್ತಾರೆ.

“ಲಕ್ಷಗಟ್ಟಲೆ ಎಣಿಸ್ತಿದ್ದೀಯಂತೆ ಕಣಮ್ಮ. ಮುಂದಿನ ತಿಂಗಳಿಂದ ಬಾಡಿಗೆ ಜಾಸ್ತಿ ಕೊಡ್ಬೇಕು.”

“ಫ್ಲೆಕ್ಸಲ್ಲಿ ಇರೋಳನ್ನ ಕೇಳಿ ಅಂಕಲ್. ದಿನವೆಲ್ಲ ಗೇಟ್ ಹತ್ರಾನೇ ನಿಂತಿರ್ತಾಳೆ.”

ಲಾಯರು

ಅಷ್ಟರಲ್ಲಿ ಜೆ.ಪಿ. ನಗರದ ಒಂದು ಕಂಪನಿ ಅವಳಿಗೆ ಇನ್ನೂ ಒಳ್ಳೆಯ ಕೆಲಸ ಕೊಟ್ಟಿತು. ಸೋಮವಾರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು. ಕಾರ್ಡುಗಳು ಕಾಲೇಜಿನ ಬೀರುವಿನಲ್ಲಿ. ಬಾಕಿ ಫೀಸು ಕಟ್ಟುವವರೆಗೆ ಕೊಡುವುದಿಲ್ಲವಂತೆ. ನಾನು ಹೋಗಿ ಪ್ರಿನ್ಸಿಪಾಲರ ಮೇಜು ಗುದ್ದಿದೆ.

“ಒರಿಜಿನಲ್ ಇಟ್ಕೊಳ್ಳೋ ಹಕ್ಕು ನಿಮಗೆ ಯಾರ್ರೀ ಕೊಟ್ರು?”

“ನೀವೇನು ಲಾಯರಾ?”

“ಅಲ್ಲ. ಅದಕ್ಕೇ ನಿಮಗೆ ಅರ್ಥ ಆಗೋ ಹಾಗೆ ಹೇಳ್ತಿದ್ದೀನಿ.”

ಸೆಕ್ಯುರಿಟಿಯವರು ನನ್ನನ್ನು ಎರಡೂ ಕಡೆ ಹಿಡಿದು, ಬಹಳ ಗೌರವದಿಂದ ರಸ್ತೆಗೆ ಬಿಟ್ಟರು.

ಅಡ್ಮಿಷನ್ ದಿನ

ಶನಿವಾರ ಹೊಸ ಅಡ್ಮಿಷನ್. ಗೇಟಿನ ತುಂಬ ಅಪ್ಪ-ಅಮ್ಮಂದಿರು. “ಮಾಮ, ಇವತ್ತು ನೀವು ಬಾಯಿ ಬಿಡ್ಬೇಡಿ” ಎಂದ ಹುಡುಗಿ ತನ್ನದೇ ಫ್ಲೆಕ್ಸಿನ ಕೆಳಗೆ ಹೋಗಿ ನಿಂತಳು. ಒಬ್ಬ ಹೆಂಗಸು ಮೇಲೆ ನೋಡಿದರು, ಕೆಳಗೆ ನೋಡಿದರು.

“ಅಯ್ಯೋ, ನೀನೇ ಅಲ್ವೇನಮ್ಮ? ನಿಜವಾಗ್ಲೂ ಹನ್ನೆರಡು ಲಕ್ಷಾನಾ?”

“ಬನ್ನಿ ಆಂಟಿ, ಪ್ರಿನ್ಸಿಪಾಲ್ ಮುಂದೇನೇ ಹೇಳ್ತೀನಿ.”

ಅವರ ಹಿಂದೆ ಉಳಿದವರೂ ಹೊರಟರು. ಕೋಣೆ ತುಂಬಿತು.

“ಸಾರ್, ಇವರೆಲ್ಲ ನನ್ನ ಸಂಬಳ ಕೇಳ್ತಿದ್ದಾರೆ. ನಾನು ಮಾರ್ಕ್ಸ್ ಕಾರ್ಡ್ ಕೇಳೋಕೆ ಬಂದೆ. ಯಾವುದು ಮೊದಲು ಸಾರ್?”

ಬೀರು ತೆರೆಯಿತು. ಕಾರ್ಡುಗಳು ಬಂದವು, ಅವೂ ಹೊಸ ಕವರಿನಲ್ಲಿ. ಬಾಕಿಯ ಸುದ್ದಿಯೇ ಇಲ್ಲ. ಹುಡುಗಿ ಒಂದೊಂದನ್ನೂ ನೋಡಿ, ಬ್ಯಾಗಿಗೆ ಹಾಕಿ, ಜಿಪ್ ಎಳೆದು, ತಿರುಗಿದಳು.

“ತಿಂಗಳಿಗೆ ಇಪ್ಪತ್ತೆರಡು ಸಾವಿರ ಆಂಟಿ.”

ಯಾರೋ ಹೊರಗೆ ತೆಗೆದಿದ್ದ ಚೆಕ್‌ಬುಕ್ಕನ್ನು ಮತ್ತೆ ಜೇಬಿಗೆ ತುರುಕಿದರು. ಊರೆಲ್ಲ ಕೂಗಾಡಿದ ನಾನು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು, ಎದೆಯುಬ್ಬಿಸಿ ನಿಂತಿದ್ದೆ. ಇವಳು ನಮ್ಮ ಬೀದಿಯ ಹುಡುಗಿ!

ಪ್ರಿನ್ಸಿಪಾಲರು ಬೆವರು ಒರೆಸಿಕೊಂಡರು. “ಕಾರ್ಡ್ ಕೊಟ್ಟ ಮೇಲೂ ಹೀಗಾ ಮಾಡೋದು?”

“ಇಂಟರ್ವ್ಯೂ ಕ್ಲಾಸಲ್ಲಿ ನೀವೇ ಹೇಳಿಕೊಟ್ರಲ್ಲ ಸಾರ್, ಸಂಬಳದ ಮಾತು ಕೊನೇಲೇ ಆಡ್ಬೇಕು ಅಂತ.”