ಚಪ್ಪಾಳೆಗೆ ತೆರೆಯುವ ಬಾಗಿಲು

ತೊಂದರೆಗೆಲ್ಲ ಮೂಲ ಎರಡು ತರಕಾರಿ ಚೀಲಗಳು. ಮಾರುಕಟ್ಟೆಯಿಂದ ಬಂದ ಹೆಂಡತಿ ಎರಡೂ ಕೈಯಲ್ಲಿ ಚೀಲ ಹಿಡಿದು ಬಾಗಿಲ ಮುಂದೆ ನಿಂತು, ಬೀಗದ ಕೈ ತೆಗೆಯಲಾಗದೆ, "ಈ ಬೀಗ ಹಾಳಾಗಿಹೋಗ" ಎಂದು ಶಪಿಸಿದ್ದಳು. ಹಿಂದೆಯೇ ಬರಿಗೈಯಲ್ಲಿ ನಿಂತಿದ್ದವನು ಬೇರೆ ಗಂಡನಾಗಿದ್ದರೆ ಒಂದು ಚೀಲ ಇಸಿದುಕೊಳ್ಳುತ್ತಿದ್ದ. ಉಪಾಯಣ್ಣ ಯೋಚನೆಗೆ ಬಿದ್ದ.

ಉಪಾಯಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಹಗಲೆಲ್ಲ ಉಗ್ರಾಣದಲ್ಲಿ ಮೂಟೆ ತೂಗಿಸುವ ಗುಮಾಸ್ತ. ಮನೆಗೆ ಬಂದನೆಂದರೆ ಒಳಕೋಣೆಯ ಮೇಜಿನ ಮುಂದೆ ಕೂತು ಸತ್ತ ರೇಡಿಯೋಗಳ ಹೊಟ್ಟೆ ಬಗೆಯುತ್ತಿದ್ದ. ಪೆನ್ನಿನ ಸ್ಪ್ರಿಂಗು, ಹರಿದ ಚಪ್ಪಲಿಯ ಅಟ್ಟೆ, ಖಾಲಿ ಡಬ್ಬಿ, ಯಾವುದನ್ನೂ ಎಸೆದವನಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷುಗಳನ್ನು ಫ್ಯಾನಿನ ಮೋಟಾರಿಗೆ ಕಟ್ಟಿ ಪಾತ್ರೆ ತೊಳೆಯುವ ಯಂತ್ರ ಮಾಡಿದ್ದ. ಅದು ಪಾತ್ರೆಗಿಂತ ಹೆಚ್ಚಾಗಿ ಗೋಡೆಯನ್ನು ತೊಳೆದಿತ್ತು.

ಆ ಭಾನುವಾರ ಬೆಳಿಗ್ಗೆ ಹೆಂಡತಿ ತನ್ನ ಅಕ್ಕನ ಮನೆಗೆ ಹೊರಟಳು. ಮೆಟ್ಟಿಲಿಳಿದವಳು ತಿರುಗಿ ನಿಂತು ಹೇಳಿದಳು: "ಒಳಕೋಣೆ ನಿಮ್ಮದು, ಏನಾದ್ರೂ ಮಾಡ್ಕೊಳ್ಳಿ. ಬೀದಿ ಬಾಗಿಲಿಗೆ ಕೈ ಹಚ್ಚಿದ್ರೋ, ಆ ಮೇಜಿನ ಮೇಲಿರೋದೆಲ್ಲ ಗುಜರಿಗೆ. ಮೇಜೂ ಸೇರಿ."

"ನಾನ್ಯಾಕೆ ಹಚ್ಚಲಿ," ಎಂದ ಉಪಾಯಣ್ಣ. ಸ್ಕ್ರೂಡ್ರೈವರು ಆಗಲೇ ಬೆನ್ನ ಹಿಂದೆ ಇತ್ತು.

ಮಧ್ಯಾಹ್ನದ ಹೊತ್ತಿಗೆ ಹಳೆಯ ಬೀಗ, ಚಿಲಕ ಎರಡೂ ಕಳಚಿ ಹೊಸ ಸಲಕರಣೆ ಕೂತಿತ್ತು. ಬಾಗಿಲ ಹೊರಗೆ, ಚೌಕಟ್ಟಿನ ಬುಡದಲ್ಲಿ, ಗುಂಡಿಯಷ್ಟು ಚಿಕ್ಕ ಒಂದು ಮೈಕು. ಅದಕ್ಕೆ ಅವನು ಕಿವಿ ಎನ್ನುತ್ತಿದ್ದ. ಬೇಗ ಬೇಗ ಎರಡು ಚಪ್ಪಾಳೆ, ಒಂದು ಉಸಿರು ಬಿಟ್ಟು ಮೂರನೆಯದು. ಕಿವಿ ಕೇಳಿಸಿಕೊಂಡರೆ ಬಾಗಿಲು ತೆರೆಯಬೇಕು. ಬೆಸುಗೆ ಹಾಕುವಾಗ ಅಂಗೈ ಸುಟ್ಟುಕೊಂಡು ಬಟ್ಟೆ ಸುತ್ತಿದ್ದರಿಂದ ಅವನ ಚಪ್ಪಾಳೆ ದಿಂಬು ಕೊಡವಿದಂತೆ ದಪ್ಪಗೆ ಕೇಳುತ್ತಿತ್ತು. ಯಂತ್ರ ಕಲಿತದ್ದು ಆ ಸದ್ದನ್ನೇ, ಅದು ಅವನ ಗಮನಕ್ಕೆ ಬರಲಿಲ್ಲ. ಕಳ್ಳರು ಕಳಚದಿರಲಿ ಎಂದು ಸ್ಕ್ರೂಗಳ ತಲೆಗೆಲ್ಲ ಅಂಟು ಮೆತ್ತಿದ. ಕರೆಂಟು ಹೋದರೂ ಬಾಗಿಲು ಬಿಗಿಯಾಗಿಯೇ ಇರುವಂತೆ ಮಾಡಿದ. ಮನೆಯೊಳಗಿನ ಗದ್ದಲ ಕೇಳಿ ತೆರೆದುಕೊಳ್ಳಬಾರದಲ್ಲ, ಕಿವಿಯ ಹಿಂದೆ ಸ್ಪಂಜು ತುರುಕಿದ.

ಹೊರಗೆ ನಿಂತು ಪರೀಕ್ಷೆ ಮಾಡಿದ. ತೆರೆಯಿತು. ಮತ್ತೆ ಮಾಡಿದ. ತೆರೆಯಿತು. ಕೊಂಡಿ ಬೀಳುವ ಸದ್ದು ಒಳಗಿನಿಂದ ಹೇಗೆ ಕೇಳುತ್ತದೋ ನೋಡೋಣವೆಂದು ಒಳಗೆ ನಿಂತು ಬಾಗಿಲು ಮುಚ್ಚಿದ. "ಟಕ್" ಎಂದಿತು. ಒಳಗಿನಿಂದ ತೆರೆಯಲು ಒಂದು ಗುಂಡಿ ಇರಬೇಕಾಗಿತ್ತು ಎಂಬುದು ಅವನ ತಲೆಗೆ ಹೊಳೆದದ್ದು ಆಗ.

ಹಿತ್ತಿಲ ಬಾಗಿಲಿಲ್ಲದ ಸಾಲುಮನೆ. ಕಿಟಕಿಗೆ ಕಂಬಿ, ಕಂಬಿಗೆ ಸೊಳ್ಳೆಯ ಜಾಲರಿ, ಜಾಲರಿಗೆ ಅವನದೇ ಅಂಟು. ಒಳಗಿನಿಂದ ಬಡಿದ ಚಪ್ಪಾಳೆ ಸ್ಪಂಜಿನ ಪಾಲಾಯಿತು. ಕೊನೆಗೆ ಕಿಟಕಿಗೆ ಬಾಯಿಟ್ಟು ಎದುರುಮನೆಯ ದರ್ಜಿಯನ್ನು ಕರೆದ.

"ಏನಣ್ಣ, ನಿನ್ನ ಮನೇಲಿ ನೀನೇ ಕೈದಿ?" ಎಂದ ದರ್ಜಿ.

"ಮೆತ್ತಗೆ ಮಾತಾಡು ಮಾರಾಯ. ಬಾಗಿಲ ಮುಂದೆ ನಿಂತು ಮೂರು ಚಪ್ಪಾಳೆ ತಟ್ಟು. ಎರಡು ಬೇಗ, ಒಂದು ತಡೆದು."

ದರ್ಜಿಯ ಚಪ್ಪಾಳೆ ಕತ್ತರಿಯಂತೆ ಕಚಕಚ ಎಂದಿತು. ಬಾಗಿಲು ಮಿಸುಕಲಿಲ್ಲ. ಅವನು ಸುಮ್ಮನಿರದೆ ಹಿಟ್ಟಿನ ಗಿರಣಿಯವನನ್ನು ಕೂಗಿದ. ಗಿರಣಿಯವನು ಬಂದು ಬಾಗಿಲನ್ನು ಮೇಲಿಂದ ಕೆಳಗೆ ಅಳೆದು, "ಚಪ್ಪಾಳೆಗಿಪ್ಪಾಳೆ ಯಾಕೆ, ಭುಜ ಕೊಡ್ಲಾ?" ಎಂದ.

"ಬೇಡಪ್ಪ, ಬಾಗಿಲು ಮುರಿದ್ರೆ ಅವಳಿಗೆ ಗೊತ್ತಾಗುತ್ತೆ. ಸಂಜೆ ಬಸ್ಸಿಗೆ ಬಂದುಬಿಡ್ತಾಳೆ. ನನ್ನ ಮೇಜು ಹೋಗುತ್ತೆ."

"ಜಾಲರಿ ಹರೀಲಾ?"

"ಅದು ಅವಳೇ ಆರಿಸಿ ತಂದ ಜಾಲರಿ."

ಗಿರಣಿಯವನು ಹಿಟ್ಟಿನ ಕೈಯಲ್ಲೇ ತಟ್ಟಿದ. ಮೋಡ ಎದ್ದಿತು, ಬಾಗಿಲು ಏಳಲಿಲ್ಲ. ಅಷ್ಟರಲ್ಲಿ ಮೂಲೆಮನೆಯ ನಿವೃತ್ತ ಹೆಡ್‌ಮಾಸ್ತರರು ಬಂದರು. "ಚಪ್ಪಾಳೆ ಅಂದ್ರೆ ಶಿಸ್ತು ಬೇಕು ಕಣ್ರಯ್ಯ. ಎಲ್ಲರೂ ನನ್ನ ಜೊತೆಗೆ," ಎಂದು ತೋಳು ಮಡಿಸಿ ಸಾಲಾಗಿ ನಿಲ್ಲಿಸಿದರು.

ಸಾಲು ಬೆಳೆಯಿತು. ಮುಚ್ಚಿದ ಬಾಗಿಲಿಗೆ ಚಪ್ಪಾಳೆ ತಟ್ಟುವ ಜನವನ್ನು ನೋಡಿ ದಾರಿಹೋಕನೊಬ್ಬ ಸೈಕಲ್ ನಿಲ್ಲಿಸಿದ.

"ಯಾರಿಗೆ ಸನ್ಮಾನ?"

"ಒಳಗಿದ್ದಾರೆ. ಹೊರಗೆ ಬರ್ತಾ ಇಲ್ಲ," ಎಂದ ದರ್ಜಿ.

"ಪಾಪ, ಸಂಕೋಚದ ಮನುಷ್ಯ," ಎಂದು ಆತನೂ ಸೇರಿಕೊಂಡ.

ಇಷ್ಟು ಜನ ಒಟ್ಟಿಗೆ ಸಿಕ್ಕಿ ಎಷ್ಟೋ ವರ್ಷವಾಗಿದ್ದ ಹೆಡ್‌ಮಾಸ್ತರರು ಮೆಟ್ಟಿಲು ಹತ್ತಿ, ನಮ್ಮ ಬೀದಿಯ ಪ್ರತಿಭೆ ಎಂದು ಶುರುಮಾಡಿ, ವಿಜ್ಞಾನ, ವಿನಯ ಎಲ್ಲವನ್ನೂ ಹಾದು ತಮ್ಮ ಸೇವಾವಧಿಗೆ ಬಂದು ನಿಂತರು. ಒಳಗೆ ಉಪಾಯಣ್ಣನಿಗೆ ಹೆದರಿಕೆಯ ನಡುವೆಯೂ ಒಳಗೊಳಗೇ ಹಿತವಾಯಿತು. ಹುಟ್ಟಿದಾಗಿನಿಂದ ಅವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಭಾಷಣ ಥಟ್ಟನೆ ನಿಂತಿತು. ಜನ ಎರಡಾಗಿ ಸರಿದು ದಾರಿ ಬಿಟ್ಟರು. ಹೆಂಡತಿ ಬಂದಿದ್ದಳು, ಎರಡೂ ಕೈಯಲ್ಲಿ ಅಕ್ಕ ತುಂಬಿಸಿ ಕೊಟ್ಟ ಚೀಲಗಳು.

"ಏನಿದು?"

ದರ್ಜಿ ಒಂದನ್ನೂ ಬಿಡದೆ ಒಪ್ಪಿಸಿದ. "ಕೈಯಲ್ಲಿ ಚೀಲ ಇದ್ದಾಗ ನಿಮಗೆ ಬೀಗ ತೆಗೆಯೋದು ಕಷ್ಟ ಅಂತ ಹಿಂಗೆ ಮಾಡಿದ್ದಾನೆ ಅಕ್ಕ. ಸುಮ್ನೆ ಚಪ್ಪಾಳೆ ತಟ್ಟಿದ್ರೆ ಆಯ್ತು."

ಅವಳು ಬಲಗೈಯ ಚೀಲ ನೋಡಿದಳು. ಎಡಗೈಯ ಚೀಲ ನೋಡಿದಳು. ಆಮೇಲೆ ಕಿಟಕಿಯ ಕಡೆ ನೋಡಿದಳು. "ಯಾವ ಕೈಯಿಂದ?" ಎಂದಳು.

ಜಾಲರಿಯ ಹಿಂದಿನ ಮುಖ ಮೆಲ್ಲಗೆ ಕೆಳಗಿಳಿಯಿತು.

ಅವಳು ಮೆಟ್ಟಿಲು ಹತ್ತಿ, ದಿನವೂ ಮಾಡುವಂತೆ ಬಾಗಿಲ ಬದಿಗೆ ಚಪ್ಪಲಿ ಒದರಿದಳು: ದಪ್, ದಪ್. ಒಂದು ಉಸಿರು ಬಿಟ್ಟು ಚೀಲ ಇಳಿಸಿದಳು: ದಪ್.

ಬಾಗಿಲು ತೆರೆಯಿತು.

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಉಪಾಯಣ್ಣ ಹೊಸ್ತಿಲಿಗೆ ಓಡಿಬಂದ. ಆದರೆ ಹೊಸ್ತಿಲ ತುಂಬ ಹೆಂಡತಿ, ಅವಳ ಎರಡೂ ಬದಿಗೆ ಮತ್ತೆ ಕೈಗೆತ್ತಿಕೊಂಡ ಚೀಲ. ಅವನನ್ನು ಹಿಂದಕ್ಕೆ ತಳ್ಳಿಕೊಂಡೇ ಒಳಬಂದು, ಕೈ ಖಾಲಿಯಿಲ್ಲದಾಗ ಯಾವಾಗಲೂ ಮಾಡುವಂತೆ, ಹಿಮ್ಮಡಿಯಿಂದ ಬಾಗಿಲನ್ನು ನೂಕಿದಳು.

"ಬೇಡ, ಮುಚ್ಚಬೇಡ," ಎಂದ.

"ಟಕ್" ಎಂದಿತು.

ಉಪಾಯಣ್ಣ ಕಿಟಕಿಗೆ ಹಾರಿ, "ದರ್ಜಿ, ಗಿರಣಿಯಣ್ಣ, ಮಾಸ್ತರರೇ, ಹೋಗಬೇಡಿ, ಕಾಪಾಡಿ," ಎಂದು ಕೂಗಿದ.

ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಇಣುಕುವ ಜನ. ಹೆಡ್‌ಮಾಸ್ತರರು ಅವತ್ತು ಗಂಭೀರವಾಗಿ ಕೈಯೆತ್ತಿದರು. "ಇನ್ನು ಅದು ಗಂಡ ಹೆಂಡತಿ ವಿಷಯ. ನಾವು ತಲೆ ಹಾಕಬಾರದು. ನಡೀರಿ."

"ಪಾಪ, ಶುರು ಆಯ್ತು ಅಂತ ಕಾಣುತ್ತೆ," ಎಂದ ಗಿರಣಿಯವನು. ಹೆಜ್ಜೆ ಸದ್ದುಗಳು ದೂರವಾದವು.

ಹೆಂಡತಿ ಬಾಗಿಲನ್ನು ಎಳೆದು ನೋಡಿದಳು. ಅಂಟು ಮೆತ್ತಿದ ಸ್ಕ್ರೂಗಳನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಕೂಗಾಡಲಿಲ್ಲ. ಒಳಕೋಣೆಗೆ ಹೋಗಿ ಮೇಜಿನ ಮೇಲಿದ್ದುದನ್ನೆಲ್ಲ ಖಾಲಿ ಮಾಡಿದ ಚೀಲಗಳಿಗೆ ತುಂಬತೊಡಗಿದಳು.

"ನಾಳೆ ಬೆಳಿಗ್ಗೆ ಗುಜರಿಯವನು ಈ ಬೀದಿಗೆ ಬರ್ತಾನೆ," ಎಂದಳು. "ಅವನ ಗಾಡೀಲಿ ಯಾವಾಗ್ಲೂ ಒಂದು ಹಾರೆ ಇರುತ್ತೆ. ಬಾಗಿಲು ಮೀಟಿ ತೆಗೀತಾನೆ. ಇದನ್ನೂ ಹಂಗೇ ತಗೊಂಡು ಹೋಗ್ಲಿ. ಮೇಜು ದಾಟಿಸೋಕೂ ಬಾಗಿಲು ತೆಗೀಲೇಬೇಕಲ್ಲ."

ಗುಜರಿಯವನ ಕೂಗು ಕೇಳಿದರೆ ಸಾಕು, ಮೇಜಿಗೆ ಬಟ್ಟೆ ಹೊದಿಸಿ ಅಡ್ಡ ನಿಲ್ಲುತ್ತಿದ್ದ ಉಪಾಯಣ್ಣ, ಜಾಲರಿಗೆ ಮೂಗು ಒತ್ತಿ, ಅವನು ನಾಳೆ ತಪ್ಪದೆ ಬರಲಪ್ಪ ಎಂದು ಬೇಡಿಕೊಳ್ಳುತ್ತ ಕೂತ.