ಮಾವನವರ ಶಲ್ಯಕ್ಕೆ ಬಾಳೆಯ ಅಂಚು

ಡಿಸೆಂಬರ್ ಇಪ್ಪತ್ಮೂರು, ಮಧ್ಯಾಹ್ನ ಮೂರು ಗಂಟೆ. ಸರ್ಕಾರಿ ಕಚೇರಿಯ ಫಸಲಿ ಪಂಚಾಂಗದ ಲೆಕ್ಕದಲ್ಲಿ ಬಹಮನ್ ತಿಂಗಳು. ಕಮಲಾಪುರದ ಮಾವನ ಮನೆಯ ಹಿತ್ತಲಲ್ಲಿ ನಾನು ಕ್ರಿಸ್‌ಮಸ್ ಉಡುಗೊರೆಗಳ ತಯಾರಿಕೆಯನ್ನು ವಿಧ್ಯುಕ್ತವಾಗಿ ಆರಂಭಿಸಿದೆ.

ಮದುವೆಯಾದ ಮೇಲೆ ಇದು ಮೊದಲ ಕ್ರಿಸ್‌ಮಸ್. ಅಂಗಡಿಯ ಸಾಮಾನು ಯಾರಾದರೂ ತಂದಾರು. ಕಲಬುರ್ಗಿಯ ಅಳಿಯ ಕೈಯಾರೆ ಮಾಡಿ ಕೊಡಬೇಕು ಎಂದು ನಿಶ್ಚಯಿಸಿದ್ದೆ. ಕಲಬುರ್ಗಿಯ ರೋಜಾ ಬಡಾವಣೆಯ ಅಂಗಡಿಯಿಂದ ಆರು ಬಿಳಿ ಕರವಸ್ತ್ರ ತಂದಿದ್ದೆ. ಅವಕ್ಕೆ ಕೆಂಪು ಬಣ್ಣ ಹಾಕುವುದು ಯೋಜನೆ. ಬಣ್ಣಕ್ಕೇನು ಬರ? ಕಮಲಾಪುರದ ತುಂಬ ಕೆಂಪು ಬಾಳೆ! ಹಣ್ಣು ಕೆಂಪು, ದಿಂಡೂ ಕೆಂಪು. ರಸ ಮಾತ್ರ ಬೇರೆ ಬಣ್ಣದ್ದಾಗಿರಲು ಹೇಗೆ ಸಾಧ್ಯ? ಈ ತರ್ಕವನ್ನು ದಿನಚರಿಯಲ್ಲಿ ಬರೆದು ಅಡಿಗೆರೆಯನ್ನೂ ಎಳೆದಿದ್ದೆ.

ಹೆಂಡತಿ ಸುಗುಣ ತನ್ನ ತಾಯಿಯ ಜೊತೆ ಕ್ರಿಸ್‌ಮಸ್ ಆರಾಧನೆಗೆ ದೇವಾಲಯ ಸಿಂಗರಿಸಲು ಹೋಗಿದ್ದಳು. ಗುಟ್ಟಿನ ಕೆಲಸಕ್ಕೆ ತಕ್ಕ ಹೊತ್ತು. ಗೊನೆ ಕಡಿದಿದ್ದ ಗಿಡದ ದಿಂಡನ್ನು ಎರಡು ತುಂಡು ಮಾಡಿ, ಒಂದರ ಮೇಲೆ ಕುಳಿತು ಇನ್ನೊಂದನ್ನು ಒರಳಲ್ಲಿ ಜಜ್ಜಿದೆ.

ಬಂದದ್ದು ನೀರು.

ಕರವಸ್ತ್ರಗಳನ್ನು ಅದರಲ್ಲೇ ಅದ್ದಿ ಹಿಂಡಿದೆ. ಬಿಳುಪು ಬಿಳುಪಾಗಿಯೇ ಉಳಿಯಿತು. ಬೇಸರದಿಂದ ಅವನ್ನು ಹಗ್ಗಕ್ಕೆ ಹಾಕಿ, ಪಕ್ಕದಲ್ಲಿ ಒಣಗುತ್ತಿದ್ದ ಬಟ್ಟೆಗೆ ಕೈ ಒರೆಸಿಕೊಂಡು ಒಳಗೆ ಹೋದೆ. ಉಟ್ಟಿದ್ದ ಹೊಸ ಧೋತರವನ್ನು ಹಬ್ಬಕ್ಕೆಂದು ಮಡಿಚಿ ಪೆಟ್ಟಿಗೆಯಲ್ಲಿಟ್ಟೆ. ನಾನು ಶಿಸ್ತಿನ ಮನುಷ್ಯ.

ಮರುದಿನ ಬೆಳಿಗ್ಗೆ ಸುಗುಣ ನನ್ನನ್ನು ಹಿತ್ತಲಿಗೆ ಕರೆದಳು. ಆರು ಕರವಸ್ತ್ರಗಳೂ ನಶ್ಯದ ಬಣ್ಣಕ್ಕೆ ತಿರುಗಿದ್ದವು. ಅವುಗಳ ಪಕ್ಕದಲ್ಲಿ ಮಾವನವರ ಬಿಳಿ ಶಲ್ಯ. ಹಬ್ಬದ ಬೆಳಿಗ್ಗೆ ಇಡೀ ಸಭೆಯೆದುರು ಸತ್ಯವೇದ ಓದುವಾಗ ಅವರು ಹೊದೆಯುವ ಒಂದೇ ಶಲ್ಯ. ಅದರ ಅಂಚಿನಲ್ಲಿ ಐದು ಕಂದು ಬೆರಳುಗಳು ಮೂಡಿದ್ದವು. ನನ್ನವೇ!

"ಬಾಳಿ ಕಡಿಯೋರು ಹಳೀ ಅರಿವಿ ಯಾಕ ಉಟ್ಕೋತಾರ ಅಂತ ಕೇಳಬೇಕಿತ್ರಿ," ಎಂದಳು.

ತೊಳೆದರೆ ಹೋಗುತ್ತದೆಯೇ ಎಂದೆ. ಬಟ್ಟೆ ಹರಿದೀತು, ಇದು ಹೋಗದು ಎಂದಳು. ಇಂದೇ ಕಲಬುರ್ಗಿಗೆ ಹೊರಟುಬಿಡಲೇ ಎಂದು ಕೇಳಿದೆ. ಅವಳು ಶಲ್ಯವನ್ನು ಹಗ್ಗದಿಂದ ತೆಗೆದು ಅಂಚನ್ನು ಬೆಳಕಿಗೆ ಹಿಡಿದಳು.

"ಒಂದು ಕಡೆ ಬಿದ್ರ ಹೊಲಸು ಅಂತಾರ. ಸಾಲಾಗಿ ಬಿದ್ರ ಅಂಚು ಅಂತಾರ. ಕುಡಗೋಲು ತರ್ರಿ."

ಬಾಳೆ ಎಲೆಯ ದಂಟನ್ನು ಅಡ್ಡ ಕೊಯ್ದಳು. ಕೊಯ್ದ ಮುಖ ಅರ್ಧಚಂದ್ರದಂತಿತ್ತು, ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಮನೆಗಳು. ಅದನ್ನು ಹೊಸದಾಗಿ ಜಜ್ಜಿದ ದಿಂಡಿನ ರಸಕ್ಕೆ ಅದ್ದಿ, ನನ್ನ ಬೆರಳುಗಳ ಗುರುತಿನಿಂದ ಆರಂಭಿಸಿ ಶಲ್ಯದ ಸುತ್ತಲೂ ಒತ್ತುತ್ತ ಹೋದಳು. ಒತ್ತಿದ್ದು ಏನೂ ಕಾಣುತ್ತಿರಲಿಲ್ಲ. ಕಾಣದ ಗುರುತಿನ ಪಕ್ಕಕ್ಕೆ ಕಾಣದ ಗುರುತು, ಕಣ್ಣಳತೆ ತಪ್ಪದೆ, ಕೈ ನಡುಗದೆ! ನಾನಂತೂ ಗೆರೆ ಹಾಕಿದ ಕಾಗದದ ಮೇಲೂ ಸೊಟ್ಟಗೆ ಬರೆಯುವವನು. ಮೂಡದಿದ್ದರೆ ಏನು ಗತಿ ಎಂದು ಕೇಳಿದೆ.

"ಮೂಡಲಿಲ್ಲಂದ್ರ ಅಪ್ಪಗ ನೀವೇ ಹೇಳ್ರಿ."

ಆ ರಾತ್ರಿ ನಾನು ಮಾಡಿದಷ್ಟು ಪ್ರಾರ್ಥನೆಯನ್ನು ಆ ಸಭೆಯ ಯಾರೂ ಮಾಡಿರಲಾರರು.

ಕ್ರಿಸ್‌ಮಸ್ ಬೆಳಿಗ್ಗೆ ಶಲ್ಯದ ಸುತ್ತ ಕಂದು ಚಂದ್ರರ ಸಾಲು ಮೂಡಿತ್ತು. ನನ್ನ ಬೆರಳುಗಳನ್ನು ನಾನೇ ಹುಡುಕಿದೆ, ಸಿಗಲಿಲ್ಲ. ಮಾವ ಅದನ್ನು ಹೊದ್ದು ಎರಡು ಸಲ ಸುತ್ತ ತಿರುಗಿ ನೋಡಿಕೊಂಡರು. ಕರವಸ್ತ್ರಗಳನ್ನೂ ಸುಗುಣಳೇ ಹಂಚಿದಳು: "ಇನ್ನ ಇವಕ್ಕ ಏನ್ ಬಿದ್ರೂ ಕಾಣಂಗಿಲ್ರಿ." ಎಲ್ಲರೂ ಒಪ್ಪಿದರು.

ದೇವಾಲಯದಲ್ಲಿ ಜನರು ಅಂಚು ಯಾರ ಕೈಕೆಲಸವೆಂದು ಕೇಳಿದರು. "ಶುರು ಮಾಡಿದೋರು ನಿಮ್ಮ ಅಳಿಯಂದ್ರು," ಎಂದಳು ಸುಗುಣ. ಅದು ಶುದ್ಧ ಸತ್ಯ. ನಾನು ಉಬ್ಬಿ, ಹಾಡಲು ಎಲ್ಲರಿಗಿಂತ ಮೊದಲು ಎದ್ದು ನಿಂತೆ. ಹಿಂದಿನ ಸಾಲು ಹಾಡುವುದನ್ನು ಬಿಟ್ಟು ನಗತೊಡಗಿತು. ದಿಂಡಿನ ಮೇಲೆ ಕುಳಿತಿದ್ದೆನಲ್ಲ, ಅದೇ ಧೋತರ! ಹಿಂಭಾಗದಲ್ಲಿ ಒಂದೇ ಒಂದು ಗುರುತು, ಚಪಾತಿಯಷ್ಟು ದುಂಡಗೆ.

ನಿನಗೆ ಗೊತ್ತಿತ್ತೇ ಎಂದು ದಾರಿಯಲ್ಲಿ ಕೇಳಿದೆ.

"ಗೊತ್ತಿತ್ರಿ. ಅಲ್ಲಿ ಅಂಚು ಹೊಡದ್ರ ಚಂದ ಕಾಣಂಗಿಲ್ಲಂತ ಬಿಟ್ಟೆ."

ಧೋತರ ಇನ್ನೂ ಪೆಟ್ಟಿಗೆಯಲ್ಲಿದೆ. ಬಾಳೆಯ ಕಲೆ ತೆಗೆಯುವ ಉಪಾಯ ಬಲ್ಲವರು ಯಾರಾದರೂ ಇದ್ದರೆ ದಯಮಾಡಿ ಬರೆದು ತಿಳಿಸಬೇಕು. ಕಾಗದವನ್ನು ನನ್ನ ಹೆಸರಿಗೇ ಹಾಕಿ.